ಚರಂಡಿಗೆ ಬಗ್ಗಿದವಳು

ಅವಳು ಇವತ್ತೂ ಬಂದಿದ್ದಳು.

ದರ್ಜಿ ಅಕ್ಕ ಹೊಲಿಗೆ ಯಂತ್ರದ ಚಕ್ರವನ್ನು ಅಂಗೈಯಿಂದ ತಡೆದು, ಕಿಟಕಿಯ ಪರದೆಯನ್ನು ಬೆರಳಷ್ಟೇ ಸರಿಸಿದಳು. ಬೀದಿಯ ತುದಿಯಲ್ಲಿ, ಆಸ್ಪತ್ರೆಯ ಹಿಂಗೋಡೆಯ ಬುಡದಿಂದ ಚರಂಡಿ ಹೊರಬೀಳುವ ಜಾಗ. ಅಲ್ಲಿ ನಿಂತ ಹೆಂಗಸಿನ ಮುಖಕ್ಕೆ ಮಾಸ್ಕು, ಮೊಣಕೈವರೆಗೆ ರಬ್ಬರ್ ಗವಸು, ಹೆಗಲಲ್ಲಿ ಗಾಜಿನ ಬಾಟಲಿಗಳು ಕಿಣಿಕಿಣಿ ಎನ್ನುವ ಚೀಲ. ಅತ್ತಿತ್ತ ನೋಡಿ, ಬಾಟಲಿಯೊಂದನ್ನು ಹೊರತೆಗೆದು ಚರಂಡಿಗೆ ಬಗ್ಗಿದಳು. ಬೆನ್ನು ಅಡ್ಡ ಬಂತು, ಸುರಿದದ್ದು ಕಾಣಿಸಲಿಲ್ಲ. ಕಾಣಿಸಲೇಬೇಕೆಂದೇನಿದೆ? ಹೂವು ಕೀಳಲು ಯಾರೂ ಚರಂಡಿಗೆ ಬಗ್ಗುವುದಿಲ್ಲವಲ್ಲ.

ಅದೇ ಗೋಡೆಯ ಆಚೆ ಅಕ್ಕನ ತಮ್ಮ ಮಲಗಿದ್ದ. ಮನೆಗಳಿಗೆ ಬಣ್ಣ ಬಳಿಯುವವನು, ಗೋಡೆಗೆ ಕಟ್ಟಿದ ಸಾರುವೆಯಿಂದ ಬಿದ್ದು ಕಾಲು ಮುರಿದುಕೊಂಡಿದ್ದ. ರಾಡು ಹಾಕಿದರು. ಮೂಳೆ ಕೂಡಿತು, ಗಾಯ ಕೂಡಲಿಲ್ಲ. ಯಾವ ಔಷಧಿಗೂ ಜಗ್ಗದ ಕ್ರಿಮಿ ಸೇರಿಕೊಂಡಿದೆ ಎಂದರು ಡಾಕ್ಟರು. ನಾಳೆ ಸಂಜೆವರೆಗೆ ನೋಡುತ್ತೇವೆ, ಆಮೇಲೆ ಕಾಲು ತೆಗೆಯುವುದೇ. ತೆಗೆದರೂ ಜೀವದ ಬಗ್ಗೆ ಭರವಸೆ ಕೊಡಲಾರೆವು ಎಂದು ನಿನ್ನೆ ಹೇಳಿಬಿಟ್ಟಿದ್ದರು. ಸಂಜೆವರೆಗೆ ಏನನ್ನು ನೋಡುತ್ತೀರಿ ಎಂದು ಕೇಳುವ ಧೈರ್ಯ ಅಕ್ಕನಿಗೆ ಬರಲಿಲ್ಲ.

"ಕಾಲು ಹೋದ್ರೆ ನಿಂಗೇ ಲಾಭ ಅಕ್ಕ, ಪ್ಯಾಂಟಿಗೆ ಬಟ್ಟೆ ಉಳಿಯುತ್ತೆ," ಎಂದು ತಮ್ಮ ನಕ್ಕಿದ್ದ. ಜ್ವರಕ್ಕೆ ಅವನ ಹಲ್ಲು ಕಟಕಟ ಎನ್ನುತ್ತಿತ್ತು.

ಕ್ರಿಮಿ ಎಲ್ಲಿಂದ ಬಂತು ಎಂಬುದನ್ನು ಹೇಳಿಕೊಟ್ಟವರು ಎದುರುಮನೆಯ ಪೇಪರ್ ಮಾವ. ಮೊದಲ ಸಾಲಿನಿಂದ ಮುದ್ರಕರ ಹೆಸರಿನವರೆಗೆ ಪೇಪರನ್ನು ಇಡೀ ಬೀದಿಗೆ ಕೇಳುವಂತೆ ಓದುವವರು. ಈಗೀಗ ಊರು ಹಾಳುಮಾಡಲು ಬಾಂಬು ಬೇಡವಂತೆ, ನೀರಿಗೆ ಒಂದು ಬಾಟಲಿ ಕ್ರಿಮಿ ಸಾಕಂತೆ. ಅದನ್ನು ಕೇಳಿದ ಮೇಲೆ ಅಕ್ಕನ ಮನೆಯಲ್ಲಿ ಬಾಗಿಲ ಚಿಲಕಕ್ಕೂ ಬ್ಲೀಚಿಂಗ್ ಸ್ನಾನ. ಅಂಗೈ ಬಿರಿದು, ಸೂಜಿ ಹಿಡಿದರೆ ಉರಿಯುತ್ತಿತ್ತು.

ಇನ್ನು ತಡೆಯಲಾಗಲಿಲ್ಲ. ಶಾಲು ಹೊದ್ದು ಹೊರಬಿದ್ದಳು.

"ಏನ್ ಹಾಕ್ತಿದ್ದೀಯಾ ಇದಕ್ಕೆ?"

ಹೆಂಗಸು ಬೆಚ್ಚಿ, ಬಾಟಲಿಯನ್ನು ಹಸುಗೂಸಿನಂತೆ ಎದೆಗವಚಿಕೊಂಡಳು. "ನಾನೇನೂ ಹಾಕ್ತಿಲ್ಲ ಅಕ್ಕ. ನೀವೂ ಏನೂ ಹಾಕ್ಬೇಡಿ. ಇವತ್ತೊಂದು ದಿನ, ದಯವಿಟ್ಟು."

"ಇವತ್ತೇನು ಅಂಥಾ ವಿಶೇಷ?"

"ಅದನ್ನ ನಾನು ಹೇಳೋ ಹಾಗಿಲ್ಲ."

ಮಾಸ್ಕಿನ ಮೇಲಿನ ಕಣ್ಣುಗಳು ನಿದ್ದೆಗೆಟ್ಟು ಕೆಂಪಗಿದ್ದವು. ಅಕ್ಕ ಬಾಟಲಿಗೆ ಕೈ ಹಾಕಿದಳು. ಅವಳು ಬಿಡಲಿಲ್ಲ, ಇವಳೂ ಬಿಡಲಿಲ್ಲ. ಬಾಟಲಿ ಚರಂಡಿಯ ಕಲ್ಲಂಚಿಗೆ ಬಡಿದು ಚೂರಾಯಿತು. ಕರೀ ನೀರು ಅಕ್ಕನ ಶಾಲನ್ನು ತೊಯ್ಯಿಸಿತು. ಚೀಲ ಜಾರಿ ಉಳಿದ ಬಾಟಲಿಗಳು ಉರುಳಿದವು. ಎಲ್ಲವೂ ಖಾಲಿ. ಅಂದರೆ ಆಗಲೇ ಸುರಿದಾಗಿದೆ!

ಹೆಂಗಸು ಕಿರುಚಲಿಲ್ಲ, ಬೈಯಲಿಲ್ಲ. ಗಾಜಿನ ಚೂರುಗಳನ್ನೇ ನೋಡುತ್ತ ಕುಸಿದು ಕುಳಿತಳು. ಅದೇ ಹೆಚ್ಚು ಭಯ ಹುಟ್ಟಿಸಿತು. ಅಕ್ಕ ಕೂಗಿಕೊಂಡಳು. ಬೀದಿಗೆ ಬೀದಿಯೇ ಓಡಿಬಂತು. ಹೆಂಗಸು ಇನ್ನೊಂದು ಬಾಟಲಿ ಹಿಡಿದು ಮತ್ತೆ ಬಗ್ಗಲು ನೋಡಿದಾಗ ಪೇಪರ್ ಮಾವ ಕೋಲು ಎತ್ತಿದರು. ಅವಳು ಅಳುತ್ತಲೇ ಓಡಿಹೋದಳು.

ಆಮೇಲೆ ಮಾವನದೇ ದಂಡನಾಯಕತ್ವ. ಮನೆಮನೆಯಿಂದ ಬ್ಲೀಚಿಂಗ್ ಪುಡಿ ಬಂತು. ಗೋಡೆಯ ಬುಡದಿಂದ ಬೀದಿಯ ಕೊನೆಯವರೆಗೆ ಚರಂಡಿ ಹಾಲಿನಂತೆ ಬೆಳ್ಳಗಾಯಿತು. ಘಾಟಿಗೆ ಎಲ್ಲರ ಕಣ್ಣಲ್ಲೂ ನೀರು. ಇನ್ನು ಇಲ್ಲಿ ಸೊಳ್ಳೆಯೂ ಸಂಸಾರ ಹೂಡುವುದಿಲ್ಲ ಎಂದು ಮಾವ ಮೀಸೆ ತಿರುವಿದರು. ಅಕ್ಕ ಶಾಲನ್ನೂ ಬ್ಲೀಚಿಂಗ್ ಬಕೆಟ್ಟಿಗೆ ಅದ್ದಲು ಹೋದಾಗ ಅವರೇ ತಡೆದರು.

"ತೊಳೀಬೇಡ ಮಗಳೇ, ಅದೇ ಸಾಕ್ಷಿ. ಹಸಿಹಸಿಯಾಗೇ ಕಟ್ಕೊಂಡು ಹೋಗಿ ಡಾಕ್ಟರಿಗೆ ತೋರ್ಸು. ಯಾವ ವಿಷ ಅಂತ ಅವರೇ ಹೇಳ್ಲಿ."

ಸತ್ತ ಇಲಿಯ ಬಾಲ ಹಿಡಿದಂತೆ ಶಾಲಿನ ತುದಿ ಹಿಡಿದು, ಪ್ಲಾಸ್ಟಿಕ್ ಚೀಲಕ್ಕೆ ತುರುಕಿ, ಗಂಟಿನ ಮೇಲೆ ಗಂಟು ಬಿಗಿದಳು.

ಡಾಕ್ಟರ ಕೋಣೆಯ ಬಾಗಿಲಲ್ಲೇ ಅಕ್ಕ ನಿಂತುಬಿಟ್ಟಳು. ಅವರ ಎದುರು ಅದೇ ಹೆಂಗಸು ಕುಳಿತಿದ್ದಳು, ಮಾಸ್ಕಿಲ್ಲದೆ, ಮೂಗು ಒರೆಸಿಕೊಳ್ಳುತ್ತ.

"ಬನ್ನಿ, ಕೂತ್ಕೊಳ್ಳಿ," ಎಂದರು ಡಾಕ್ಟರು. "ಇವರು ನಮ್ಮ ಲ್ಯಾಬಿನವರು. ನಿಮ್ಮ ತಮ್ಮನಿಗೋಸ್ಕರ ಊರಿನ ಚರಂಡಿಗಳನ್ನೆಲ್ಲಾ ಸುತ್ತಿದವರು."

ಅಕ್ಕ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಡಾಕ್ಟರು ಮೆಲ್ಲಗೆ ಬಿಡಿಸಿ ಹೇಳಿದರು. ಕ್ರಿಮಿಯನ್ನೇ ತಿಂದು ಬದುಕುವ ವೈರಸ್ಸುಗಳಿವೆ. ಮನುಷ್ಯರಿಗೆ ಅವು ತೊಂದರೆ ಕೊಡುವುದಿಲ್ಲ. ಕ್ರಿಮಿ ಎಲ್ಲಿ ಹೆಚ್ಚೋ ಅವೂ ಅಲ್ಲೇ ಹೆಚ್ಚು, ಕೊಳಕು ನೀರಿನಲ್ಲಿ. ತಮ್ಮನ ಗಾಯದ ಕ್ರಿಮಿಯನ್ನು ಕೊಂದದ್ದು ಒಂದೇ ಒಂದು ಚರಂಡಿಯ ನೀರು, ಅಕ್ಕನ ಬೀದಿಯದು. ಮೊದಲು ತಂದದ್ದು ಪರೀಕ್ಷೆಗೇ ಮುಗಿದುಹೋಯಿತು. ಇವತ್ತು ಮತ್ತೆ ಸಿಕ್ಕಿದ್ದರೆ ಆಪರೇಷನ್ ಮುಂದೂಡಿ, ಆ ವೈರಸ್ಸನ್ನು ಬೆಳೆಸಿ, ಶುದ್ಧಮಾಡಿ ಕೊಟ್ಟುನೋಡುವುದೆಂದಿತ್ತು. ಹೊಸ ಪ್ರಯೋಗ, ಸುಮ್ಮನೆ ಆಸೆ ಹುಟ್ಟಿಸಬಾರದೆಂದು ಮನೆಯವರಿಗೆ ಹೇಳಿರಲಿಲ್ಲ.

"ಬಾಟಲಿ ಒಡೆದುಹೋಯ್ತಂತೆ. ಇನ್ನೊಬ್ಬರನ್ನ ಕಳಿಸಿದ್ವಿ. ಚರಂಡಿ ತುಂಬಾ ಬ್ಲೀಚಿಂಗ್, ಎಲ್ಲಾ ಸತ್ತಿದೆ." ಡಾಕ್ಟರು ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು. "ಆ ನೀರು ಒಂದು ಚಮಚ ಉಳಿದಿದ್ರೂ ಸಾಕಿತ್ತಮ್ಮ."

ಅಕ್ಕ ತೊಡೆಯ ಮೇಲಿದ್ದ ಚೀಲವನ್ನು ಎತ್ತಿ ಮೇಜಿನ ಮೇಲಿಟ್ಟು, ಬೆರಳುಗಳನ್ನು ಗಂಟಿಗೆ ಹಾಕಿದಳು.

ಚೀಲದೊಳಗಿನ ಶಾಲನ್ನು ಗುರುತಿಸಿದ ಹೆಂಗಸು ದಡಕ್ಕನೆ ಎದ್ದಳು. "ಬಿಚ್ಚಬೇಡಿ ಅಕ್ಕ," ಎನ್ನುತ್ತ ಗವಸು ತೊಟ್ಟು, ಆ ಚೀಲವನ್ನು ಹಸುಗೂಸಿನಂತೆ ಎದೆಗವಚಿಕೊಂಡು ಲ್ಯಾಬಿನ ಕಡೆಗೆ ಓಡಿದಳು.