ತಾಳೆಯಾದ ಚಿತ್ರಗಳು

ಸಿಮೆಂಟ್ ತುಂಬಿಡುವ ಉಕ್ಕಿನ ಗೋಪುರದ ಒಳಗೋಡೆಗೆ ಎಂಜಿನಿಯರ್ ಸುಲಭಾ ಎರಡು ಬಗೆಯ ಸೆನ್ಸರ್ ಕೂರಿಸಿದ್ದಳು. ಒಂದು ವಿದ್ಯುತ್ತಿನಿಂದ, ಇನ್ನೊಂದು ಶಬ್ದದಿಂದ ಒಳಗನ್ನು ತಡಕಿ ಚಿತ್ರ ಬರೆಯುತ್ತಿದ್ದವು. ಕಂಪ್ಯೂಟರ್ ಎರಡನ್ನೂ ಕೂಡಿಸಿ ಒಂದೇ ಚಿತ್ರ ಮಾಡುತ್ತಿತ್ತು. ಎರಡೂ ತಾಳೆಯಾಗದಿದ್ದರೆ ಸೈರನ್ ಕೂಗುತ್ತಿತ್ತು. ಒಂದು ಸುಳ್ಳು ಹೇಳಿದರೆ ಇನ್ನೊಂದು ಹಿಡಿದುಕೊಡಲಿ ಎಂದೇ ಅವಳು ಹಟ ಹಿಡಿದು ಎರಡು ಹಾಕಿಸಿದ್ದು.

ಆ ದಿನ ಗೋಪುರ ಖಾಲಿಯಾಗಿತ್ತು. ಪರದೆಯಲ್ಲಿ ಗೋಡೆಗಳು ತೊಳೆದಿಟ್ಟಂತಿದ್ದವು. ಒಳಗಿಳಿದು ತಳದ ಬಾಯಿ ರಿಪೇರಿ ಮಾಡಬೇಕಿದ್ದ ಹಳೆಯ ಫಿಟ್ಟರ್ ಖಾಜಾಸಾಬರು ಮಾತ್ರ ಹೊರಗಿನಿಂದ ಸ್ಪ್ಯಾನರ್ ಬಡಿದು, ಗೋಡೆಗೆ ಕಿವಿಯಿಟ್ಟರು.

"ಸಪ್ಪಳ ಮಂದ ಅದರಿ ಮೇಡಂ. ಮ್ಯಾಲ ಸಿಮೆಂಟ್ ಗಟ್ಟಿ ಕಟ್ಟಿರಬೇಕು. ಮೈಮ್ಯಾಲ ಬಿದ್ದರ ಮುಗೀತು."

"ಎರಡೂ ಮಷಿನ್ ಏನಿಲ್ಲ ಅಂತಾವ ಚಾಚಾ. ಎರಡೂ ಕೂಡೇ ಸುಳ್ಳು ಹೇಳ್ತಾವೇನು?"

ಖಾಜಾಸಾಬರು ಸ್ಪ್ಯಾನರ್ ಜೇಬಿಗಿಳಿಸಿದರು. ಆಮೇಲೆ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಒಳಗಿಳಿದರು.

ಸುಲಭಾಳಿಗೆ ಯಾಕೋ ನಿಂತಲ್ಲಿ ನಿಲ್ಲಲಾಗಲಿಲ್ಲ. ಮಾತಿಗೆಂದು ಪಕ್ಕದಲ್ಲಿದ್ದ ಎಲೆಕ್ಟ್ರಿಷಿಯನ್‌ನನ್ನು ಕೇಳಿದಳು: "ಮೊದಲೆಲ್ಲಾ ದಿನಕ್ಕ ಹತ್ತು ಸಲ ಸೈರನ್ ಹೊಡ್ಕೋತಿತ್ತು. ಈಗ ವಾರ ಆತು, ಹೆಂಗ ಸುಮ್ಮನಾಗ್ಯದ?"

ಕಡೆಗೂ ಯಾರೋ ಕೇಳಿದರಲ್ಲ ಎಂದು ಅವನ ಮುಖ ಅರಳಿತು.

"ಎರಡೂ ತಾಳೆ ಆಗ್ತಿದ್ದಿಲ್ಲರಿ ಮೇಡಂ. ಅದಕ್ಕೇ ಒಂದರ ವೈರ್ ಕಿತ್ತು, ಇನ್ನೊಂದರ ಚಿತ್ರಾನೇ ಎರಡೂ ಕಡಿ ಕೊಟ್ಟೀನಿ."