ಸೊಂಟದ ಅಳತೆ

ಟೇಪು ಸೊಂಟ ಮುಟ್ಟುವ ಮೊದಲೇ ಅವಳು ಉಸಿರು ಒಳಗೆಳೆದುಕೊಂಡಳು.

"ಉಸಿರು ಬಿಡಿ ಅಕ್ಕಾ, ಟೇಪು ಕಚ್ಚಲ್ಲ," ಎಂದಳು ಅಳತೆಯ ಹುಡುಗಿ.

ಬಿಟ್ಟಳು. ಅರ್ಧ ಮಾತ್ರ.

ಹತ್ತು ವಾರಗಳ ಹಿಂದೆ ಅವಳನ್ನು ಇದೇ ಗೋಡೆಗೆ ನಿಲ್ಲಿಸಿದ್ದರು. ಅಲ್ಲಿಯವರೆಗೆ ಅವಳು ಈ ಉಡುಪು ಕಾರ್ಖಾನೆಯ ಕೆಳಮಹಡಿಯಲ್ಲಿ ದಾರ ಕತ್ತರಿಸುವವಳು. ಹನ್ನೊಂದು ವರ್ಷ, ದಿನಕ್ಕೆ ಒಂಬತ್ತು ಗಂಟೆ, ನಿಂತೇ. ಮಂಡಿಗಳು ಅವಳ ಮಾತು ಕೇಳುವುದನ್ನು ಬಿಟ್ಟಿದ್ದವು. ಊಟದ ಸಾಲಿನಲ್ಲಿ ಅವಳನ್ನು ಕಂಡ ಕಟಿಂಗ್ ಮಾಸ್ತರ ಮೇಲಕ್ಕೆ ಕರೆಸಿದ. ಚಪ್ಪಲಿ ಬಿಡಿಸಿ ಎತ್ತರವನ್ನು ಎರಡೆರಡು ಸಲ ಅಳೆದ. ಮಿಕ್ಕಿದ್ದನ್ನು ಹುಡುಗಿ ಆಕಳಿಸುತ್ತ ಬರೆದುಕೊಂಡಳು.

"ಪೆಟೀಟ್ ಅನ್ನೋ ಹೊಸ ಉಡುಪಿನ ಸಾಲಿಗೆ ನೀವೇ," ಎಂದಿದ್ದ ಮಾಸ್ತರ. ಹೊಸ ನಮೂನೆಗಳನ್ನು ಅವಳಿಗೆ ತೊಡಿಸಿ ನೋಡುವ ಕೆಲಸ. ನಡುನಡುವೆ ಕೂರಲು ಕುರ್ಚಿ. ನಮೂನೆ ಸಿದ್ಧವಾಗುವ ತನಕ ಊರಾಚೆಯ ಗೋದಾಮಿನಲ್ಲಿ ಗುಂಡಿ ಆರಿಸಬೇಕು, ಅಷ್ಟೆ.

ಪೆಟೀಟ್! ಬಸ್ ನಿಲ್ದಾಣದ ಜಾಹೀರಾತಿನಲ್ಲಿ ಆ ಪದದ ಕೆಳಗೆ ಕಡ್ಡಿಯಂಥ ಹುಡುಗಿಯೊಬ್ಬಳು ನಗುತ್ತಿದ್ದಳು. ಇವಳ ಸೊಂಟ ನಲವತ್ತೆರಡು ಇಂಚು. ಅಳತೆಯ ಹುಡುಗಿ ಆಕಳಿಸುತ್ತ ಅಂಕಿ ತಪ್ಪು ಬರೆದಿದ್ದಾಳೆ, ಅನುಮಾನವೇ ಇಲ್ಲ. ಹೊಸ ಕೆಲಸದ ಮೊದಲ ದಿನ ಮತ್ತೆ ಅಳೆಯುತ್ತಾರಂತೆ. ಬಣ್ಣ ಬಯಲಾಗುವುದು ಅಂದೇ. ಹಿಂದಿರುಗೋಣವೆಂದರೆ ಕೆಳಗಿನ ಜಾಗಕ್ಕೆ ಆಗಲೇ ಬೇರೊಬ್ಬಳು ಬಂದಾಗಿತ್ತು.

ಅವಳು ಒಂದು ಹೊತ್ತಿನ ಊಟ ಬಿಟ್ಟಳು. ಆಮೇಲೆ ಎರಡನೆಯದನ್ನೂ.

"ಇನ್ನೊಂದು ತುತ್ತು ತಿಂದ್ರೆ ಆಕಾಶ ಕಳಚಿ ಬೀಳುತ್ತಾ?" ಎಂದು ಅತ್ತೆ ಗೊಣಗಿದಳು.

"ಕಿಟಕಿ ಹಾಕ್ಕೊಂಡು ಮಲಗು ಮಾರಾಯ್ತಿ, ಹಾರ್ಹೋಗ್ತೀಯ," ಎಂದ ಗಂಡ.

ಅವಳು ನಕ್ಕು ನೀರು ಕುಡಿದಳು. ಉಂಗುರ ಸಡಿಲವಾಯಿತು. ಮೆಟ್ಟಿಲು ಹತ್ತುವಾಗ ಕಣ್ಣು ಕತ್ತಲಿಟ್ಟಿತು. ಒಮ್ಮೆ, ನಿಜ ಹೇಳಿಬಿಡೋಣವೆಂದು ಮಾಸ್ತರನ ಬಾಗಿಲವರೆಗೂ ಬಂದಿದ್ದಳು. ಬಡಿಯಲು ಕೈ ಏಳಲಿಲ್ಲ.

"ಮೂವತ್ತೇಳು," ಎಂದಳು ಹುಡುಗಿ ಈಗ.

ಮೂವತ್ತೇಳು! ಅವಳು ಉಳಿದರ್ಧ ಉಸಿರನ್ನೂ ಬಿಟ್ಟಳು.

ಹುಡುಗಿ ಹಳೆಯ ಚೀಟಿ ನೋಡಿದಳು. ಟೇಪನ್ನು ಮತ್ತೆ ಸುತ್ತಿದಳು. "ಸಾರ್, ಸ್ವಲ್ಪ ಬರ್ತೀರಾ?"

ಮಾಸ್ತರ ಬಂದ. ಚೀಟಿ ನೋಡಿದ, ಅವಳನ್ನು ನೋಡಿದ.

"ಆವತ್ತು ಬರೆಯೋವಾಗ ಏನೋ ತಪ್ಪಾಗಿರ್ಬೇಕು ಸಾರ್," ಎಂದಳು ಅವಳು ಅವಸರದಿಂದ. "ಈಗ ಸರಿ ಇದೆ ನೋಡಿ."

ಅವನು ಮೊದಲ ನಮೂನೆಯನ್ನು ತೊಡಿಸಿದ. ತೋಳು ಸರಿಯಾಗಿ ಮಣಿಕಟ್ಟಿಗೆ ನಿಂತಿತು. ಸೊಂಟದ ಹೊಲಿಗೆ ಸೊಂಟದ ಮೇಲೆಯೇ ಕೂತಿತು. ಅಂಗಡಿಯ ಯಾವ ಬಟ್ಟೆಯೂ ಅವಳಿಗೆ ಹೀಗೆ ಕೂತದ್ದಿಲ್ಲ. ಮಾಸ್ತರ ಎರಡೂ ಪಕ್ಕಗಳಲ್ಲಿ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದ. ಮುಷ್ಟಿ ತುಂಬ ಬಂತು. ಅವಳಿಗೆ ಹೆಮ್ಮೆಯೆನಿಸಿತು.

"ಎಷ್ಟು ಸಣ್ಣ ಆಗಿದೀನಿ ಅಲ್ವಾ ಸಾರ್?"

ಮಾಸ್ತರ ಮುಷ್ಟಿ ಸಡಿಲಿಸಿ ಕುರ್ಚಿಯಲ್ಲಿ ಕುಸಿದ. "ಪೆಟೀಟ್ ಅಂದ್ರೆ ಎತ್ತರ ಕಮ್ಮಿ ಅಂತ ಅಷ್ಟೇ ಕಣಮ್ಮಾ, ಕುಳ್ಳಗೆ ದಪ್ಪಗೆ ಇರೋರಿಗೆ ಅಂತ್ಲೇ ಈ ಸಾಲು, ಆ ನಲವತ್ತೆರಡು ನೋಡೇ ನಿಮ್ಮನ್ನ ಆರಿಸಿದ್ದು. ಮಧ್ಯಾಹ್ನದೊಳಗೆ ಅಂಥ ಇನ್ನೊಬ್ಬರನ್ನ ನಾನೆಲ್ಲಿ ಹುಡುಕ್ಲಿ?"