ಮೂರನೆಯ ಸೋಮವಾರ

ಮೈಂದರ್ಗಿಯ ಬಸ್ಸಿನಿಂದ ಇಳಿದು ಬಂದ ಶಾಲೆಯ ಸಿಪಾಯಿ ಸಾಯಬಣ್ಣನನ್ನು ಶಿಕ್ಷಕಿ ರತ್ನಾಬಾಯಿ ಗೇಟಿನಲ್ಲೇ ತಡೆದಳು.

"ಕಿಸೆ ತೋರ್ಸು."

ಒಂದು ಹಿಡಿ ಹುರಿದ ಶೇಂಗಾ ಹೊರಬಂತು. ಇನ್ನು ಪುರಾವೆ ಏನು ಬೇಕು? ರತ್ನಾಬಾಯಿಯ ಮೈಯೆಲ್ಲ ಉರಿಯಿತು.

ಅವಳ ಎರಡನೆಯ ಇಯತ್ತೆಯ ವಿದ್ಯಾರ್ಥಿನಿ ಪ್ರಾಜಕ್ತಾಳಿಗೆ ಶೇಂಗಾ ಎಂದರೆ ವಿಷ. ಚಿಟಿಕೆ ಪುಡಿ ಸಾಕು, ತುಟಿ ಬಾತು ಉಸಿರು ಕಟ್ಟುತ್ತಿತ್ತು. ಈಗಾಗಲೇ ಎರಡು ಸಲ ಹಾಗಾಗಿತ್ತು, ಎರಡೂ ಸಲ ಸೋಮವಾರ. ರವಿವಾರ ಊರಿಗೆ ಹೋಗಿ, ಸೋಮವಾರ ಕಿಸೆ ತುಂಬಿಕೊಂಡು ಬರುವವನು ಸಾಯಬಣ್ಣ. ಆ ಹುಡುಗಿಯನ್ನು ಎತ್ತಿ ಮುದ್ದಾಡುವವನೂ ಅವನೇ.

"ಇನ್ನೊಮ್ಮೆ ಹಿಂಗಾದ್ರ ಕೂಸು ಉಳಿಯೂದು ಕಠಿಣ ಅಂದಾರ ಡಾಕ್ಟರು. ಇವತ್ತ ಗೇಟಿನ ಒಳಗ ಕಾಲಿಡಬ್ಯಾಡ."

"ದೇವ್ರಾಣಿ ನಾ ಕೊಟ್ಟಿಲ್ರಿ, ಬಾಯಾರ."

ಅವನ ಕಣ್ಣು ತುಂಬಿದವು. ಅವಳು ಗೇಟು ಹಾಕಿಕೊಂಡಳು.

ಮಧ್ಯಾಹ್ನದ ಸುಟ್ಟಿಯಲ್ಲಿ ಶೇಂಗಾ ಚಟ್ನಿಯಿದ್ದ ಏಳು ಡಬ್ಬಿಗಳನ್ನು ಹೊರಗಿಡಿಸಿದಳು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಎಲ್ಲರ ಕೈ ತೊಳೆಸಿದಳು. ಪ್ರಾಜಕ್ತಾಳಿಗಾಗಿ ತನ್ನ ಊಟದಿಂದಲೂ ಶೇಂಗಾ ಬಿಟ್ಟವಳು ಅವಳು. ಇವತ್ತಂತೂ ಊಟದ ಗೊಡವೆಯೇ ಇಲ್ಲ, ಉಪವಾಸ. ಮಾಸ್ತರರ ಕೋಣೆಗೆ ಹೋಗಿ ಉಪವಾಸದ ತಿನಿಸನ್ನೇ ನಾಲ್ಕು ತುತ್ತು ಗಡಿಬಿಡಿಯಲ್ಲಿ ಬಾಯಿಗೆ ಹಾಕಿಕೊಂಡು, ಸೆರಗಿಗೆ ಕೈ ಒರೆಸುತ್ತ ಓಡಿಬಂದಳು.

ಯಾರನ್ನೂ ನಂಬುವ ಹಾಗಿರಲಿಲ್ಲ. ದಿನದಂತೆ ಪ್ರಾಜಕ್ತಾಳ ಡಬ್ಬಿಯನ್ನು ತಾನೇ ತೆರೆದು, ಭಕ್ರಿ ಮುರಿದು, ತನ್ನ ಕೈಯಿಂದಲೇ ತಿನ್ನಿಸಿದಳು.

ಮೂರನೆಯ ತುತ್ತಿಗೆ ಹುಡುಗಿ ಗಂಟಲು ಹಿಡಿದುಕೊಂಡಳು.

ರತ್ನಾಬಾಯಿ ಚೀರಿದಳು. ಗೇಟಿನಾಚೆ ಕೂತಿದ್ದ ಸಾಯಬಣ್ಣ ನುಗ್ಗಿ ಬಂದು, ಕೂಸನ್ನು ಹೆಗಲಿಗೆ ಹಾಕಿಕೊಂಡು ಎದುರಿನ ದವಾಖಾನೆಗೆ ಓಡಿದ. ಡಾಕ್ಟರು ಸೂಜಿ ಚುಚ್ಚಿದರು. ಕಾಲು ಗಂಟೆಯ ಮೇಲೆ ಉಸಿರು ಹದಕ್ಕೆ ಬಂತು. ಜೀವ ಉಳಿಯಿತೆಂದು ತಿಳಿದ ಮೇಲೆಯೇ ರತ್ನಾಬಾಯಿ ಗೋಡೆಗೊರಗಿ ಅತ್ತಳು. ಬೆಳಿಗ್ಗೆಯಿಂದ ಹೊರಗಿದ್ದ ಸಾಯಬಣ್ಣ ಶೇಂಗಾ ಕೊಟ್ಟಿರಲು ಸಾಧ್ಯವೇ ಇರಲಿಲ್ಲ. ಹಾಗಾದರೆ ಯಾರು?

"ಉಣಿಸಿದವರು ಯಾರ್ರಿ?" ಡಾಕ್ಟರು ಕೇಳಿದರು.

"ನಾನರಿ. ಬ್ಯಾರೆ ಯಾರಿಗೂ ಮುಟ್ಟಗೊಟ್ಟಿಲ್ರಿ."

"ಅದಕ್ಕೂ ಮೊದಲ ನೀವು ಏನು ಊಟ ಮಾಡಿದ್ರಿ?"

"ಊಟ ಎಲ್ಲೀದ್ರಿ? ಸೋಮವಾರ ನಂದು ಉಪಾಸ."

ಡಾಕ್ಟರು ಅವಳ ಬಲಗೈ ಹಿಡಿದು ಬೆಳಕಿಗೆ ತಿರುಗಿಸಿದರು. ಉಗುರಿನ ಸಂದಿಯಲ್ಲಿ ಸಾಬೂದಾಣಿಯ ಒಂದು ಕಾಳು ಅಂಟಿಕೊಂಡಿತ್ತು.

"ಬಾಯಾರ," ಬಾಗಿಲಲ್ಲಿ ನಿಂತಿದ್ದ ಸಾಯಬಣ್ಣ ಮೆಲ್ಲಗೆ ಕೇಳಿದ, "ಉಪಾಸದ ಸಾಬೂದಾಣಿ ಖಿಚಡಿಗೆ ಶೇಂಗಾ ಪುಡಿ ಹಾಕಿದ್ರೇನ್ರಿ?"